ಬಂದಳಿಕೆ ಮದ್ದು: ಎಲೆ ಕೊಯ್ಯುವ ಮೊದಲು ಮರ ನೋಡಿ

ಕಾಸರಗೋಡಿನ ಗೇರು, ಮಾವಿನ ತೋಟಗಳಲ್ಲಿ, ಮರದ ಕೊಂಬೆಗೆ ಅಂಟಿ ಬೆಳೆಯುವ ಬಂದಳಿಕೆಗೆ ಬರವಿಲ್ಲ. ಬದನಿಕೆ ಎನ್ನುವುದೂ ಇದನ್ನೇ, ಮಲಯಾಳದ ಇತ್ತಿಕ್ಕಣ್ಣಿಯೂ ಇದೇ. ಉಳುಕಿಗೆ, ಊತಕ್ಕೆ ಎಲೆ ಅರೆದು ಹಚ್ಚುವ ರೂಢಿ ಹಳೆಯದು. ಸಂಸ್ಕೃತದಲ್ಲಿ ಇದು ವೃಕ್ಷಾದನಿ, ಮರ ತಿನ್ನುವಂಥದ್ದು. ಇದರ ಬೇರು ತೊಗಟೆಯೊಳಗೆ ಇಳಿದು ಮರದ ನೀರು ಹೀರುತ್ತದೆ. ಮರ ವಿಷದ್ದಾದರೆ ಆ ವಿಷವೂ ಎಲೆಗೆ ಏರಬಹುದು.

ಆದ್ದರಿಂದ ಮೊದಲು ಮರ ಗುರುತಿಸಿ. ಕಾಸರಗೋಡಿಗೆ ಹೆಸರು ಬಂದದ್ದೇ ಕಾಸರಕ ಎಂಬ ವಿಷದ ಮರದಿಂದ ಎನ್ನುವವರಿದ್ದಾರೆ. ಕಾಂಜಿರ ಎಂದರೂ ಅದೇ. ಎಲೆ ಹೊಳಪಿನದು, ಜೋಡಿಯಾಗಿ ಹುಟ್ಟುತ್ತದೆ, ಬುಡದಿಂದಲೇ ಮೂರರಿಂದ ಐದು ನರ ಎದ್ದು ಕಾಣುತ್ತವೆ. ಹಣ್ಣು ಕಿತ್ತಳೆ ಬಣ್ಣದ ಉಂಡೆ, ಬೀಜ ಗುಂಡಿಯ ಹಾಗೆ ಚಪ್ಪಟೆ. ಈ ಮರದ ಬಂದಳಿಕೆಯಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳು ಕಂಡುಬಂದಿವೆ. ಎಷ್ಟು ಕುದಿಸಿದರೂ ಇವು ಹೋಗವು. ಕಣಗಿಲೆಯ ಮೇಲಿನದೂ ಬೇಡ, ಅದು ಹೃದಯಕ್ಕೆ ಅಪಾಯ. ಅಂಗಡಿಯ ಒಣಪುಡಿ ಯಾವ ಮರದ್ದೆಂದು ಹೇಳುವವರಿಲ್ಲದಿದ್ದರೆ ಕೊಳ್ಳಲೇಬೇಡಿ.

ಲೇಪಕ್ಕೆ ಮಾವು, ಹಲಸಿನ ಮೇಲಿನದನ್ನೇ ಆರಿಸಿ. ಗೇರಿನದು ಬೇಡ, ಅದರ ಸೊನೆ ತಾಗಿದರೆ ಚರ್ಮ ಸುಡುತ್ತದೆ. ಎಂಟು ಹತ್ತು ಹಸಿ ಎಲೆ ತೊಳೆದು, ಎರಡು ಚಮಚ ನೀರು ಹಾಕಿ ನುಣ್ಣಗೆ ಅರೆಯಿರಿ. ಮೊದಲು ಮೊಣಕೈ ಒಳಬದಿಗೆ ಒಂದು ಚುಕ್ಕೆ ಹಚ್ಚಿ 24 ಗಂಟೆ ಕಾಯಿರಿ. ತುರಿಕೆ, ಕೆಂಪು ಇಲ್ಲದಿದ್ದರೆ ಮಾತ್ರ ಉಳುಕಿದ ಜಾಗಕ್ಕೆ ಹಚ್ಚಿ, ಅರ್ಧ ಗಂಟೆಯಲ್ಲಿ ತೊಳೆಯಿರಿ. ಒಡೆದ ಗಾಯಕ್ಕೆ ಬೇಡ. ಕಾಲೂರಲಾಗದಷ್ಟು ನೋವಿದ್ದರೆ ಎಕ್ಸ್‌ರೇ ಮೊದಲು.

ಕಷಾಯ ಮಾತ್ರ ಮನೆಯಲ್ಲಿ ಬೇಡವೇ ಬೇಡ. ಯುರೋಪಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಚುಚ್ಚುಮದ್ದಾಗಿ ಕೊಡುವುದು ವಿಸ್ಕಮ್ ಆಲ್ಬಮ್ ಎಂಬ ಬೇರೆ ಜಾತಿಯ ಬಂದಳಿಕೆಯ ಸಾರ. ಅದನ್ನು ಕೇಳಿ ನಮ್ಮ ಮಾವಿನ ಬಂದಳಿಕೆ ಕುದಿಸಿ ಕುಡಿದರೆ ಚಿಕಿತ್ಸೆಯ ಹೊತ್ತು ಹಾಳು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು, ಬಸುರಿಯರು, ಬಾಣಂತಿಯರು ವೈದ್ಯರನ್ನು ಕೇಳದೆ ಬಾಯಿಗಿಡಬಾರದು. ಮಕ್ಕಳು ಅಂಟು ಹಣ್ಣನ್ನು ಬಾಯಿಗೆ ಹಾಕುವುದುಂಟು, ಕಣ್ಣಿಡಿ.

ಯಾರಾದರೂ ಕುಡಿದು ವಾಂತಿ, ಭೇದಿ, ತಲೆಸುತ್ತು ಶುರುವಾದರೆ, ದವಡೆ ಬಿಗಿದು ಮೈ ಸೆಟೆದರಂತೂ ತಡಮಾಡದೆ, ಆಸ್ಪತ್ರೆಗೆ ಒಯ್ಯಿರಿ. ಬಲವಂತದಿಂದ ವಾಂತಿ ಮಾಡಿಸಬೇಡಿ, ಸದ್ದು, ಅಲುಗಾಟ ಕಡಿಮೆ ಇರಲಿ. ಬಂದಳಿಕೆಯ ರೆಂಬೆಯ ಜೊತೆ ಅದು ಬೆಳೆದಿದ್ದ ಮರದ ಎಲೆಯೂ ಕೈಯಲ್ಲಿರಲಿ, ವೈದ್ಯರಿಗೆ ಬೇಕಾಗುವುದು ಎರಡೂ.