ಟಿಪ್ ಗೇಟಿನಲ್ಲಿ ವ್ಯಾನ್ ನಿಲ್ಲಿಸುವುದೇಕೆ? ಇಂಗ್ಲೆಂಡಿನಲ್ಲಿ ಮನೆಯ ಕಸ, ವ್ಯಾಪಾರದ ಕಸ

ಮನೆ ಬದಲಿಸಿದ ವಾರ ದೊಡ್ಡದೊಂದು ವ್ಯಾನ್ ಬಾಡಿಗೆಗೆ ತಂದಿದ್ದೆ. ಸಂಜೆಯೊಳಗೆ ಅದನ್ನು ಹಿಂದಿರುಗಿಸಬೇಕು. ಒಳಗೆ ಹಳೆಯ ಕಪಾಟು, ಹಾಸಿಗೆ, ಬಾತ್‌ರೂಮಿನಿಂದ ಕಿತ್ತ ಟೈಲ್ಸ್. ದಾರಿಯಲ್ಲೇ ಟಿಪ್‌ಗೆ ಸುರಿದು ಹೋಗೋಣವೆಂದು ಬಂದರೆ ಗೇಟಿನ ಮೇಲಿನ ಅಡ್ಡಪಟ್ಟಿ ವ್ಯಾನಿನ ನೆತ್ತಿಗಿಂತ ತಗ್ಗಿನಲ್ಲಿತ್ತು. ಹಳದಿ ಜಾಕೆಟ್ಟಿನ ಸಿಬ್ಬಂದಿ ಪರ್ಮಿಟ್ ಕೇಳಿದರು. ಇರಲಿಲ್ಲ. ಹಿಂದೆ ಸಾಲುಗಟ್ಟಿದ್ದ ಕಾರುಗಳವರೆಲ್ಲ ನೋಡುತ್ತಿರುವಾಗ ರಿವರ್ಸ್ ತೆಗೆದೆ.

ಟಿಪ್ ಎಂದು ಎಲ್ಲರೂ ಕರೆಯುವುದು ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ನಡೆಸುವ ಮನೆಕಸದ ಮರುಬಳಕೆ ಕೇಂದ್ರವನ್ನು. ಊರಿನಲ್ಲಿ ಗುಜರಿಯವನು ಮನೆ ಬಾಗಿಲಿಗೇ ಬಂದು, ಹಳೆ ಪೇಪರಿಗೂ ಕಬ್ಬಿಣಕ್ಕೂ ಕಾಸು ಎಣಿಸಿಕೊಟ್ಟು ಹೋಗುತ್ತಾನೆ. ಇಲ್ಲಿ ನಾವೇ ಹೊತ್ತು ಹೋಗಬೇಕು. ನಿವಾಸಿಗಳು ತಮ್ಮ ಮನೆಯ ಕಸವನ್ನು ಉಚಿತವಾಗಿ ತಂದು ಹಾಕಲು ಜಾಗ ಒದಗಿಸಬೇಕೆಂದು 1990ರ ಪರಿಸರ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ವ್ಯಾಪಾರದ ಕಸಕ್ಕೆ ಆ ಸವಲತ್ತು ಇಲ್ಲ. ಕಸವನ್ನು ನೆಲದಲ್ಲಿ ಹೂಳುವ ನೆಲಭರ್ತಿಗೆ ಹಾಕಿದರೆ ಟನ್ನಿಗೆ 100 ಪೌಂಡಿಗೂ ಹೆಚ್ಚು ತೆರಿಗೆಯಿದೆ. ಬಿಲ್ಡರ್ ಒಬ್ಬ ತನ್ನ ಕಸವನ್ನು ಟಿಪ್‌ನಲ್ಲಿ ಸುರಿದು ಹೋದರೆ ಆ ಹೊರೆ ಊರಿನವರ ಕೌನ್ಸಿಲ್ ಟ್ಯಾಕ್ಸಿನ ಮೇಲೆ ಬೀಳುತ್ತದೆ. ವ್ಯಾನ್ ಕಂಡೊಡನೆ ಗೇಟಿನ ಸಿಬ್ಬಂದಿಯ ಹುಬ್ಬು ಮೇಲೇರುವುದು ಅದಕ್ಕೇ.

ಮಾಮೂಲಿ ಕಾರಿಗೆ ಸಾಧಾರಣವಾಗಿ ಪರ್ಮಿಟ್ ಬೇಡ. ವ್ಯಾನ್, ಪಿಕಪ್, ಟ್ರೇಲರ್ ಇವುಗಳಿಗೆ ಬಹಳಷ್ಟು ಕೌನ್ಸಿಲ್‌ಗಳು ಪರ್ಮಿಟ್ ಕೇಳುತ್ತವೆ. ಟ್ರೇಲರಿನ ಉದ್ದಕ್ಕೂ ವರ್ಷಕ್ಕೆ ಎಷ್ಟು ಸಲ ಬರಬಹುದು ಎಂಬುದಕ್ಕೂ ಮಿತಿ ಇರುತ್ತದೆ. ಈ ಅಳತೆಗಳು ಒಂದು ಕೌನ್ಸಿಲ್ಲಿನಂತೆ ಇನ್ನೊಂದರಲ್ಲಿಲ್ಲ, ಆದ್ದರಿಂದ ಪಕ್ಕದ ಊರಿನ ಗೆಳೆಯನ ಮಾತು ನಂಬಿ ಹೊರಡಬೇಡಿ. ಬಾಡಿಗೆ ವ್ಯಾನಿಗೆ ಕೆಲವು ಕಡೆ ಬಾಡಿಗೆಯ ಕರಾರುಪತ್ರ ತೋರಿಸಿದರೆ ಒಂದು ಸಲದ ಪರ್ಮಿಟ್ ಕೊಡುತ್ತಾರೆ, ಆದರೆ ಅದನ್ನು ಮುಂಚಿತವಾಗಿಯೇ ಪಡೆದಿರಬೇಕು. 2020ರ ಕೋವಿಡ್ ಕಾಲದಲ್ಲಿ ಶುರುವಾದ ಆನ್‌ಲೈನ್ ಬುಕಿಂಗ್ ಹಲವೆಡೆ ಹಾಗೇ ಉಳಿದಿದೆ; ಹೆಂಡತಿಯ ಕಾರಿನ ನಂಬರ್ ಕೊಟ್ಟು ನಿಮ್ಮ ಕಾರಿನಲ್ಲಿ ಹೋದರೆ ಗೇಟಿನಲ್ಲಿ ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತದೆ. ವಿಳಾಸದ ಪುರಾವೆಯೂ ಬೇಕಾದೀತು. ಹೊಸದಾಗಿ ಬಂದು ಮೊದಲ 12 ತಿಂಗಳು ಭಾರತದ ಲೈಸೆನ್ಸಿನಲ್ಲೇ ಓಡಿಸುವವರು ಕೌನ್ಸಿಲ್ ಟ್ಯಾಕ್ಸ್ ಬಿಲ್ಲನ್ನು ಜೊತೆಗಿಟ್ಟುಕೊಳ್ಳಿ. ಲೈಸೆನ್ಸಿನಲ್ಲಿರುವ ಜಯನಗರದ ವಿಳಾಸದಿಂದ ಏನೂ ಪ್ರಯೋಜನವಿಲ್ಲ.

ಇನ್ನು ನನ್ನ ಟೈಲ್ಸ್. ನೀವೇ ಸುತ್ತಿಗೆ ಹಿಡಿದು ಒಡೆದ ಟೈಲ್ಸ್ ಮನೆಯ ಕಸ. ಅದೇ ಟೈಲ್ಸನ್ನು ಹಣ ಪಡೆದ ಬಿಲ್ಡರ್ ಒಡೆದರೆ ವ್ಯಾಪಾರದ ಕಸ. ವಸ್ತು ಒಂದೇ, ಗೋಡೆಯೂ ಒಂದೇ. ಸುತ್ತಿಗೆ ಯಾರ ಕೈಯಲ್ಲಿತ್ತು ಎಂಬುದರ ಮೇಲೆ ಅದರ ಕುಲ ತೀರ್ಮಾನವಾಗುತ್ತದೆ. "ನಮ್ಮ ಮನೆಯದೇ ಅಲ್ಲವೇ" ಎಂಬ ವಾದ ನಡೆಯದು. ಬಿಲ್ಡರ್ ಜೊತೆ ದರ ಮಾತಾಡುವಾಗಲೇ ಕಸ ಸಾಗಿಸುವ ಖರ್ಚೂ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಿ. ಸ್ವಂತ ಕೈಕೆಲಸದ ಕಸಕ್ಕೂ ಹಿಂದೆ ಕೆಲವು ಕೌನ್ಸಿಲ್‌ಗಳು ಚೀಲಕ್ಕಿಷ್ಟು ಎಂದು ಹಣ ಕೇಳುತ್ತಿದ್ದವು. 2023ರ ಡಿಸೆಂಬರ್ 31ರಿಂದ ಇಂಗ್ಲೆಂಡಿನಲ್ಲಿ 50 ಲೀಟರಿನ ಎರಡು ಚೀಲ, ಇಲ್ಲವೇ 200 × 75 × 70 ಸೆಂಟಿಮೀಟರ್ ಮೀರದ ಒಂದು ದೊಡ್ಡ ವಸ್ತು ಉಚಿತ. ನಾಲ್ಕು ವಾರದಲ್ಲಿ ನಾಲ್ಕು ಸಲ ಮಾತ್ರ. ವೇಲ್ಸ್, ಸ್ಕಾಟ್ಲೆಂಡ್‌ಗಳಿಗೆ ಈ ನಿಯಮ ಅನ್ವಯಿಸದು.

ನಮ್ಮವರು ಎಡವುವ ಇನ್ನೊಂದು ಜಾಗ ಅಡುಗೆಮನೆ. ವಾರಾಂತ್ಯದಲ್ಲಿ ಹೋಳಿಗೆ, ಚಕ್ಕುಲಿ ಮಾಡಿ ಮಾರುವವರು ಇಲ್ಲಿ ಕಡಿಮೆಯಿಲ್ಲ. ಮನೆಯವರಿಗೆಂದು ಚಕ್ಕುಲಿ ಕರಿದು ಉಳಿದ ಎಣ್ಣೆ ಮನೆಯ ಕಸ, ಟಿಪ್‌ನ ಎಣ್ಣೆ ಡ್ರಮ್ಮಿಗೆ ಹಾಕಬಹುದು. ಮಾರಾಟಕ್ಕೆ ಕರಿದ ಎಣ್ಣೆ, ಅದೇ ಒಲೆಯ ಮೇಲೆ ಅದೇ ಬಾಣಲೆಯಲ್ಲಿ ಕಾದಿದ್ದರೂ, ವ್ಯಾಪಾರದ ಕಸ. ಅದನ್ನು ಒಯ್ಯಲು ನೋಂದಾಯಿತ ಸಾಗಣೆದಾರರನ್ನು ಗೊತ್ತುಮಾಡಿಕೊಂಡು, ಕಸ ಹಸ್ತಾಂತರದ ಚೀಟಿಯನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ಬಾಡಿಗೆದಾರರು ಬಿಟ್ಟುಹೋದ ಸೋಫಾವನ್ನು ಮನೆ ಮಾಲೀಕರು ತೆರವು ಮಾಡಿದರೂ ಅದನ್ನು ವ್ಯಾಪಾರದ್ದೆಂದೇ ಎಣಿಸುವ ಕೌನ್ಸಿಲ್‌ಗಳು ಹಲವು.

ಈ ತಾಪತ್ರಯ ಬೇಡವೆಂದು ಫೇಸ್‌ಬುಕ್‌ನಲ್ಲಿ ಸಿಕ್ಕ ವ್ಯಾನಿನವನಿಗೆ ನೋಟು ಕೊಟ್ಟು ಕಸ ಕಳಿಸುವವರಿದ್ದಾರೆ. ಅವನು ಅದನ್ನು ಹಳ್ಳಿಯ ದಾರಿ ಬದಿಯಲ್ಲಿ ಸುರಿದು, ಅದರಲ್ಲಿ ನಿಮ್ಮ ಹೆಸರಿನ ಲಕೋಟೆ ಸಿಕ್ಕಿದರೆ ಕೌನ್ಸಿಲ್ ಮೊದಲು ಬರುವುದು ನಿಮ್ಮ ಮನೆಗೆ. ಕಸವನ್ನು ಅಧಿಕೃತರ ಕೈಗೇ ಒಪ್ಪಿಸುವ ಹೊಣೆ ಮನೆಯವರ ಮೇಲೂ ಇದೆ. ತಪ್ಪಿದರೆ ಇಂಗ್ಲೆಂಡಿನಲ್ಲಿ 600 ಪೌಂಡಿನವರೆಗೆ ಸ್ಥಳದಂಡ. ಸಾಗಣೆದಾರರ ಪಟ್ಟಿ ಎನ್ವಿರಾನ್‌ಮೆಂಟ್ ಏಜೆನ್ಸಿಯ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ. ನೋಂದಣಿ ಸಂಖ್ಯೆ ಕೇಳಿ, ಅದರಲ್ಲಿ ಹುಡುಕಿ, ರಸೀತಿ ಪಡೆಯಿರಿ, ವ್ಯಾನಿನ ನಂಬರನ್ನೂ ಬರೆದಿಟ್ಟುಕೊಳ್ಳಿ.

ನನ್ನ ಕಪಾಟು ಕೊನೆಗೆ ಟಿಪ್ ಸೇರಿದ್ದು ಸಣ್ಣ ಕಾರಿನಲ್ಲೇ. ಸ್ಕ್ರೂ ಬಿಚ್ಚಿ ಹಲಗೆ ಮಾಡಿ, ಹಿಂದಿನ ಸೀಟು ಮಡಚಿದರೆ ಎಲ್ಲವೂ ಹಿಡಿಯಿತು. ವ್ಯಾನಿನ ಬಾಡಿಗೆ ಕಟ್ಟುವ ಮುಂಚೆ ಆ ಸ್ಕ್ರೂಡ್ರೈವರ್ ನೆನಪಾಗಬೇಕಿತ್ತು.