ಉಬ್ಬಸ ಇದ್ದವರು ಮೊದಲು ಸೊಂಟದ ಅಳತೆ ತಗೊಳ್ಳಿ

ಹಾಸನದಲ್ಲಿ ಇಪ್ಪತ್ತೆರಡು ವರ್ಷದಿಂದ ಬ್ಲೌಸ್, ಚೂಡಿದಾರ್ ಹೊಲೀತಿದ್ದೀನಿ. ಉಬ್ಬಸ ಅಂಟಿಕೊಂಡು ಒಂಬತ್ತು ವರ್ಷ. ತೂಕ 80 ಕೆಜಿ ಮುಟ್ಟಿದ ವರ್ಷ, ದಿನಾ ಪಂಪ್ (ಇನ್ಹೇಲರ್) ಎಳೆದರೂ ರಾತ್ರಿ ಎದ್ದು ಕೂರೋದು ತಪ್ಪಲಿಲ್ಲ. ದಪ್ಪ ಇರುವವರಿಗೆ ಪಂಪಿನ ಸ್ಟೆರಾಯ್ಡ್ ಎಷ್ಟೋ ಸಲ ಅಷ್ಟಾಗಿ ಹಿಡಿಯಲ್ಲ, ಹೊಟ್ಟೆ ಇಳಿಸಮ್ಮ ಅಂದರು ಡಾಕ್ಟರು. ನಾನು ಹೇಗೆ ಮಾಡಿದೆ ಅನ್ನೋದನ್ನ ಬರೀತೀನಿ.

ತಕ್ಕಡಿಗಿಂತ ಮೊದಲು ಟೇಪ್ ಹಿಡೀರಿ. ಲಂಗದ ಲಾಡಿ ಕಟ್ಟೋ ಜಾಗದಲ್ಲಿ ಅಳೀಬೇಡಿ, ಅದು ಹೊಟ್ಟೆಯ ಕೆಳಗೆ ಜಾರಿರುತ್ತೆ. ಪಕ್ಕೆಲುಬಿನ ಕೊನೆಗೆ ಒಂದು ಬೆರಳು, ಸೊಂಟದ ಮೂಳೆಯ ಮೇಲ್ತುದಿಗೆ ಇನ್ನೊಂದು ಬೆರಳು ಇಡಿ. ಎರಡರ ನಟ್ಟನಡುವೆ ಟೇಪ್ ಸುತ್ತಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ನೋಡಿ. ಅಳತೆ ಕೊಡುವಾಗ ಎಲ್ಲರೂ ಹೊಟ್ಟೆ ಒಳಗೆ ಎಳ್ಕೋತಾರೆ, ಹಾಗೆ ಮಾಡಿದರೆ ಲೆಕ್ಕ ತಪ್ಪುತ್ತೆ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು ಗಡಿ. ಗಂಡಸರಿಗೆ 90, ಹೆಚ್ಚುಕಮ್ಮಿ ಮೂವತ್ತೈದೂವರೆ ಇಂಚು. ನನ್ನದು 39 ಇಂಚು ಬಂತು.

ಹೊಟ್ಟೆಯ ಬೊಜ್ಜು ವಪೆಯನ್ನ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನ, ಮೇಲಕ್ಕೆ ಒತ್ತುತ್ತೆ, ಶ್ವಾಸಕೋಶಕ್ಕೆ ಹಿಗ್ಗೋಕೆ ಜಾಗ ಸಾಲಲ್ಲ, ಸಣ್ಣ ಉಸಿರುನಾಳಗಳು ಬೇಗ ಕಿರಿದಾಗುತ್ತವೆ. ಅದರ ಜೊತೆಗೆ ಬೊಜ್ಜಿನಿಂದಲೇ ಲೆಪ್ಟಿನ್‌ನಂಥ ರಾಸಾಯನಿಕಗಳು ರಕ್ತಕ್ಕೆ ಸೇರಿ ಮೈಯೊಳಗಿನ ಉರಿಯೂತ ಆರದ ಹಾಗೆ ಇಡುತ್ತವೆ. ಪೂರ್ತಿ ಸಣ್ಣ ಆಗಬೇಕಿಲ್ಲ. ತೂಕದಲ್ಲಿ ನೂರಕ್ಕೆ 5ರಿಂದ 10 ಪಾಲು ಇಳಿದರೂ ಉಬ್ಬಸ ಹತೋಟಿಗೆ ಬರೋದು ಸುಲಭ. 80 ಕೆಜಿ ಇದ್ದವರಿಗೆ ಅದು 4ರಿಂದ 8 ಕೆಜಿ.

ಇನ್ನು ಕರುಳು. ನಾವು ತಿಂದ ನಾರನ್ನ ನಮ್ಮ ಹೊಟ್ಟೆ ಅರಗಿಸಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನ ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಅನ್ನೋ ಆಮ್ಲಗಳನ್ನ ಮಾಡುತ್ತವೆ. ಅವು ಉರಿಯೂತ ತಣಿಸುತ್ತವೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಾರು ಹೆಚ್ಚು ತಿಂದ ಇಲಿಗಳಿಗೆ ಮನೆ ಧೂಳಿನ ನುಸಿಯ ಅಲರ್ಜಿಯಿಂದ ಶ್ವಾಸನಾಳ ಊದಿಕೊಳ್ಳೋದು ಕಡಿಮೆಯಾಗಿತ್ತು. ಮನುಷ್ಯರಲ್ಲಿ ಪುರಾವೆ ಇನ್ನೂ ಅಷ್ಟು ಗಟ್ಟಿಯಿಲ್ಲ. ಆದರೆ ಆ ಊಟದಿಂದಲೇ ಹೊಟ್ಟೆಯೂ ಇಳಿಯುತ್ತೆ ಅಂದಮೇಲೆ ನಾನು ಕಾಯೋಕೆ ಹೋಗಲಿಲ್ಲ.

ನಮ್ಮ ಕಡೆ ಇದಕ್ಕೆ ಅಂಗಡಿ ಪುಡಿ ಬೇಕಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಬಸ್ಸಾರು ಮಾಡಿದ ದಿನ ನಮ್ಮನೇಲಿ ಮುದ್ದೆ ನುಂಗೋದು ಸಾರಿಗೆ, ಬಸಿದ ಸೊಪ್ಪು ಕಾಳಿನ ಪಲ್ಯ ತಟ್ಟೆಯ ಅಂಚಲ್ಲಿ ಒಂದು ಚಮಚ. ಅದನ್ನ ತಿರುಗಿಸಿದೆ: ದೊಡ್ಡ ಮುದ್ದೆ ಅರ್ಧ ಆಯ್ತು, ಪಲ್ಯ ಒಂದು ಬಟ್ಟಲು ಆಯ್ತು. ಸೊಪ್ಪು ಕಾಳಿನ ನಾರು ಇರೋದು ಸಾರಲ್ಲಲ್ಲ, ಆ ಪಲ್ಯದಲ್ಲೇ.

ಒಂದೇ ಸಲ ಜಾಸ್ತಿ ಮಾಡಬೇಡಿ. ಮೊದಲ ವಾರವೇ ದಿನಾ ಹುರುಳಿಕಾಳು ತಿಂದು ನನಗೆ ಹೊಟ್ಟೆ ಉಬ್ಬರಿಸಿ, ರಾತ್ರಿ ಉಸಿರು ಇನ್ನಷ್ಟು ಬಿಗಿ ಹಿಡೀತು. ಆಮೇಲೆ ವಾರಕ್ಕೆ ಎರಡು ದಿನ, ಮೊಳಕೆ ಕಟ್ಟಿ, ಮೆತ್ತಗೆ ಬೇಯಿಸಿ ಶುರು ಮಾಡಿದೆ. ನೀರು ಜಾಸ್ತಿ ಕುಡಿದೆ. ರಾತ್ರಿ ಊಟ ಎಂಟರೊಳಗೆ ಮುಗೀಬೇಕು. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಹುಳಿ ಮೇಲೆ ಬಂದು ಕೆಮ್ಮು ಎಬ್ಬಿಸುತ್ತೆ. ನೆಗಡಿಗೆಲ್ಲ ಮೆಡಿಕಲ್ ಶಾಪಲ್ಲಿ ಕೇಳಿ ಆ್ಯಂಟಿಬಯಾಟಿಕ್ ನುಂಗಬೇಡಿ, ಕರುಳಿನ ಒಳ್ಳೆ ಬ್ಯಾಕ್ಟೀರಿಯಾವೂ ಸಾಯುತ್ತವೆ.

ನಡೆಯೋದು ಮಹಾರಾಜ ಪಾರ್ಕಲ್ಲಿ. ಚಳಿಗಾಲದಲ್ಲಿ ಬಿಸಿಲು ಬಂದ ಮೇಲೆ, ಮೂಗಿಗೆ ಸ್ಕಾರ್ಫ್ ಸುತ್ತಿ, ಮೊದಲ ಹತ್ತು ನಿಮಿಷ ನಿಧಾನಕ್ಕೆ. ತಕ್ಷಣಕ್ಕೆ ಉಸಿರು ಬಿಡಿಸೋ ಪಂಪ್ ಜೇಬಲ್ಲೇ ಇರಲಿ. ದಿನದ ಪಂಪನ್ನ ಯಾವ ಕಾರಣಕ್ಕೂ ನೀವಾಗಿ ಬಿಡಬೇಡಿ. ಎಳೆದ ಮೇಲೆ ಬಾಯಿ ಮುಕ್ಕಳಿಸಿ. ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗದಷ್ಟು ಏದುಸಿರು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಗಿರಾಕಿಗಳ ಅಳತೆ ಪುಸ್ತಕದ ಕೊನೆ ಹಾಳೆ ನಂದು. ತಿಂಗಳ ಮೊದಲ ಭಾನುವಾರ ತಿಂಡಿಗೆ ಮುಂಚೆ ಮೂರು ಲೆಕ್ಕ ಬರೀತೀನಿ: ಸೊಂಟ, ತೂಕ, ಉಸಿರಿಗೆ ಅಂತ ಎದ್ದ ರಾತ್ರಿ ಎಷ್ಟು. ಹದಿನಾಲ್ಕು ತಿಂಗಳಿಗೆ 39 ಇದ್ದದ್ದು 35 ಆಯ್ತು, ತೂಕ 73. ಆ ಹಾಳೆ ನೋಡಿಯೇ ಡಾಕ್ಟರು ಹೋದ ತಿಂಗಳು ಪಂಪಿನ ಡೋಸು ಇಳಿಸಿದರು.