ನಾಳೆ ರಜೆಯಂತೆ, ಹೌದಾ?

ಪತ್ರಿಕೆ ಬಿಟ್ಟು ಮಂಗಳೂರಿನಲ್ಲೇ ಸ್ವಂತ ಸುದ್ದಿತಾಣ ಶುರು ಮಾಡಿದಾಗ ಬರೆಯುವುದು ಹೊಸತಾಗಿರಲಿಲ್ಲ. ಹೊಸತೆನಿಸಿದ್ದು ಓದುಗರ ಅವಸರ. ಮೊದಲು ಜಿಲ್ಲಾ ಪುಟ ಹೋಗುವ ತನಕ ಸಮಯ ಸಿಗುತ್ತಿತ್ತು, ಡೆಸ್ಕ್‌ನಲ್ಲಿ ಇನ್ನೊಬ್ಬರು ಓದುತ್ತಿದ್ದರು. ಈಗ ಸುದ್ದಿ ನನಗಿಂತ ಮೊದಲೇ ಗ್ರೂಪ್‌ಗಳಲ್ಲಿ ಓಡಾಡಿರುತ್ತದೆ. "ನಿಮ್ಮದರಲ್ಲಿ ಇನ್ನೂ ಬಂದಿಲ್ಲ ಅಲ್ವಾ ಮಾರಾಯ್ರೆ?" ಎಂದು ಫೋನ್ ಬೇರೆ.

ಜುಲೈಯಲ್ಲಿ ಮಳೆ ಜೋರಾದರೆ ಸಂಜೆಗೆ 'ನಾಳೆ ಶಾಲೆಗೆ ರಜೆ' ಆದೇಶದ ಪ್ರತಿ ಬಂತೆಂದೇ ಲೆಕ್ಕ. ಅದನ್ನು ದೊಡ್ಡದು ಮಾಡಿ ಮೊದಲು ದಿನಾಂಕ ನೋಡುತ್ತೇನೆ. ಹಳೆಯ ಆದೇಶದ ಮೇಲೆ ಹೊಸ ತಾರೀಕು ಕೂರಿಸಿದ್ದರೆ ಆ ಅಂಕಿಗಳು ಪಕ್ಕದ ಸಾಲಿಗೆ ಹೊಂದುವುದಿಲ್ಲ, ಅಲ್ಲಿನ ಬಿಳಿ ಸ್ವಲ್ಪ ಹೆಚ್ಚೇ ಬಿಳಿ. ತಾರೀಕು ತಿದ್ದಿದ ಜಾಣರು ವಾರ ತಿದ್ದಲು ಮರೆಯುವುದೂ ಉಂಟು. ಎಲ್ಲ ಸರಿ ಕಂಡರೂ ಜಿಲ್ಲಾಧಿಕಾರಿ ಕಚೇರಿಗೋ ವಾರ್ತಾ ಇಲಾಖೆಗೋ ಕೇಳದೆ ಹಾಕುವುದಿಲ್ಲ. ಅಷ್ಟರಲ್ಲಿ ಬೇರೆಯವರಿಗೆ ಹಿಟ್ಸ್ ಬಂದಾಗಿರುತ್ತದೆ. ಜಾಹೀರಾತಿನ ದುಡ್ಡು ಹಿಟ್ಸ್ ನೋಡಿಯೇ ಬರುವುದರಿಂದ ಈ ತಡಕ್ಕೆ ಬೆಲೆ ಉಂಟು. ಕೊಡುತ್ತೇನೆ.

ಕಡಲ್ಕೊರೆತದ ವಿಡಿಯೊಗಳದ್ದು ಇನ್ನೊಂದು ಕಥೆ. 'ಇವತ್ತು ಬೆಳಿಗ್ಗೆ ಉಳ್ಳಾಲ' ಎಂದು ಬರೆದಿರುತ್ತದೆ, ನೋಡಿದರೆ ಸೂರ್ಯ ನೀರಿನ ಮೇಲೆಯೇ ಇದ್ದಾನೆ. ನಮ್ಮ ಕಡಲು ಇರುವುದು ಪಡುವಣಕ್ಕೆ, ಬೆಳಿಗ್ಗೆ ಅಲ್ಲಿ ಅವನಿಗೇನು ಕೆಲಸ? ಅಂಗಡಿಯ ಬೋರ್ಡು, ದೋಣಿಯ ಮೇಲಿನ ಅಕ್ಷರಗಳನ್ನೂ ನಿಲ್ಲಿಸಿ ನಿಲ್ಲಿಸಿ ಓದುತ್ತೇನೆ. ತಾನೇ ತೆಗೆದ ಫೋಟೊ ಎಂದವರಿಗೆ 'ಡಾಕ್ಯುಮೆಂಟ್ ಆಗಿ ಕಳುಹಿಸಿ' ಎನ್ನುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದರೆ ತೆಗೆದ ಸಮಯದ ವಿವರ ಅಳಿಸಿ ಹೋಗುತ್ತದೆ, ಡಾಕ್ಯುಮೆಂಟ್ ಆದರೆ ಉಳಿಯುತ್ತದೆ. ನಿಜವಾಗಿ ತೆಗೆದವರು ತಕ್ಷಣ ಕಳುಹಿಸುತ್ತಾರೆ. ಉಳಿದವರು ಮತ್ತೆ ಮಾತಾಡುವುದಿಲ್ಲ. ಹಾಗೆಂದು ಊರಿನವರ ಫೋನನ್ನು ಹಗುರವಾಗಿ ಕಾಣುವ ಹಾಗಿಲ್ಲ. ಸೋಮೇಶ್ವರದಲ್ಲಿ ತೆಂಗಿನಮರ ಉರುಳುವ ಹೊತ್ತಿಗೆ ಅಲ್ಲಿರುವುದು ಅವರೇ, ವರದಿಗಾರನಲ್ಲ.

ತಿದ್ದುಪಡಿಯ ವಿಷಯದಲ್ಲಿ ನಾನು ಸ್ವಲ್ಪ ಹಳಬ. 1843ರಲ್ಲಿ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಇದೇ ಊರಿನಿಂದ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಅಚ್ಚಾದದ್ದನ್ನು ಅಳಿಸುವ ದಾರಿ ಇರಲಿಲ್ಲ. ನಮಗೆ ಒಂದು ಕ್ಲಿಕ್ ಸಾಕು, ಸದ್ದಿಲ್ಲದೆ ಬದಲಿಸಿ ಕೂರಬಹುದು. ನಾನು ಸುದ್ದಿಯ ಮೇಲ್ಗಡೆಯೇ ಏನು ಬದಲಾಯಿತು, ಎಷ್ಟು ಗಂಟೆಗೆ ಎಂದು ಬರೆಯುತ್ತೇನೆ. ತಾಣದಲ್ಲಿ ತಿದ್ದಿದರೂ ಗ್ರೂಪ್‌ಗಳಿಗೆ ಹೋದ ಲಿಂಕ್‌ನಲ್ಲಿ ಹಳೆಯ ಶೀರ್ಷಿಕೆಯೇ ಕಾಣುತ್ತಿರುತ್ತದೆ. ಹಾಗಾಗಿ ತಿದ್ದುಪಡಿಯನ್ನೂ ಅದೇ ಗ್ರೂಪ್‌ಗಳಿಗೆ ಬೇರೆಯಾಗಿ ಕಳುಹಿಸುತ್ತೇನೆ.